ಅಮ್ಮನ ಪಾಸ್‌ಬುಕ್‌ನಲ್ಲಿ ಕಡಿತವಾದ ಹಣ: ಕೇಳುವ ಹಕ್ಕು ನಮಗಿದೆ



"ಸಿಸ್ಟರ್, ಅಮ್ಮಂಗೆ ಬರೋದು 1,200 ರೂಪಾಯಿ ಪಿಂಚಣಿ. ಬ್ಯಾಂಕಲ್ಲಿ ಕೈಗೆ ಸಿಕ್ಕಿದ್ದು 728. ಉಳಿದದ್ದು ಎಲ್ಲಿ ಹೋಯ್ತು?" ಎಂದು ನಮ್ಮ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಕೇಳಿದರು. ಅವರ ತಾಯಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯ ಹಣದಲ್ಲೇ ಬಿ.ಪಿ. ಮಾತ್ರೆ ಆಗಬೇಕು. ಆ ತಿಂಗಳು ಅಜ್ಜಿ ಅರ್ಧ ತಿಂಗಳಿನ ಮಾತ್ರೆ ಮಾತ್ರ ತಂದು, ಯಾರಿಗೂ ಹೇಳದೆ ಸುಮ್ಮನಿದ್ದರು. "ನಂದೇ ಏನೋ ತಪ್ಪಿರಬೇಕು" ಅಂದುಕೊಂಡಿದ್ದರಂತೆ.

ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿದೆವು. ಖಾತೆಯಲ್ಲಿ ಒಂದು ಪೈಸೆಯೂ ಇಲ್ಲದಿದ್ದಾಗ ನಾಲ್ಕು ತಿಂಗಳು ತಲಾ 118 ರೂಪಾಯಿ ಹಾಕಿದ್ದರು: ಕನಿಷ್ಠ ಶಿಲ್ಕು ಇಲ್ಲವೆಂದು 100 ರೂಪಾಯಿ ದಂಡ, ಅದರ ಮೇಲೆ 18 ರೂಪಾಯಿ ಜಿಎಸ್‌ಟಿ. ಖಾತೆ 472 ರೂಪಾಯಿ ಮೈನಸ್ ಆಗಿತ್ತು. ಪಿಂಚಣಿ ಬಿದ್ದ ಕೂಡಲೇ ಆ ಹಣ ಕಡಿತವಾಗಿತ್ತು.

ಹೀಗೆ ಯಾಕಾಯ್ತು?

ಆ ಖಾತೆಯನ್ನು ಕೆಲವು ವರ್ಷಗಳ ಹಿಂದೆ ಮಗ ತಾಯಿಯ ಹೆಸರಿನಲ್ಲಿ ತೆರೆಸಿದ್ದ. ಅದು ಕನಿಷ್ಠ ಶಿಲ್ಕು ಇಡಬೇಕಾದ ಮಾಮೂಲಿ ಉಳಿತಾಯ ಖಾತೆ. ಸರ್ಕಾರದ ಹಣ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಆದ್ದರಿಂದ ಪಿಂಚಣಿ ಈ ಖಾತೆಗೆ ಬರತೊಡಗಿತು. ಮೊಬೈಲ್ ನಂಬರ್ ಮಾತ್ರ ಮಗನ ಹಳೆಯದು. ಬ್ಯಾಂಕಿನ ಮೆಸೇಜ್ ಯಾರಿಗೂ ಸಿಗುತ್ತಿರಲಿಲ್ಲ.

ನಿಯಮ ಏನು ಹೇಳುತ್ತದೆ?

ರಿಸರ್ವ್ ಬ್ಯಾಂಕ್ ವಾಣಿಜ್ಯ ಬ್ಯಾಂಕುಗಳಿಗೆ 2014ರ ನವೆಂಬರ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿತು. 2015ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಅದರ ಸಾರ ಇಷ್ಟು:

1. ಶಿಲ್ಕು ಕಡಿಮೆಯಾದರೆ ಬ್ಯಾಂಕು ಮೊದಲು ಎಸ್ಸೆಮ್ಮೆಸ್, ಇ-ಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ಹಣ ತುಂಬಲು ಕನಿಷ್ಠ ಒಂದು ತಿಂಗಳು ಸಮಯ ಕೊಡಬೇಕು.
2. ಎಷ್ಟು ಹಣ ಕಡಿಮೆ ಇದೆಯೋ ಅದರ ಮೇಲೆ ಶೇಕಡಾ ಲೆಕ್ಕದಲ್ಲಿ ದಂಡ ಇರಬೇಕು.
3. ಬರೀ ಈ ದಂಡದಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಹೋಗಕೂಡದು.

ಅಜ್ಜಿಯ ವಿಷಯದಲ್ಲಿ ಮೂರನೆಯ ನಿಯಮವೇ ಮುರಿದಿತ್ತು. ಖಾತೆಯಲ್ಲಿ ಸೊನ್ನೆ ಇದ್ದಾಗ ದಂಡ ಹಾಕಿದರೆ ಮೈನಸ್ ಆಗದೆ ಇನ್ನೇನು?

ಎರಡು ವರ್ಷ ಖಾತೆದಾರರ ವ್ಯವಹಾರವೇ ಇಲ್ಲದೆ ನಿಷ್ಕ್ರಿಯವಾದ ಖಾತೆಗೂ ಕನಿಷ್ಠ ಶಿಲ್ಕಿನ ದಂಡ ಹಾಕುವಂತಿಲ್ಲ. ಅದನ್ನು ಮತ್ತೆ ಚಾಲೂ ಮಾಡಲು ಶುಲ್ಕವನ್ನೂ ಕೇಳುವಂತಿಲ್ಲ.

ಕೆಲವು ಬ್ಯಾಂಕುಗಳು ಈ ದಂಡವನ್ನೇ ಬಿಟ್ಟಿವೆ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಇದನ್ನು ತೆಗೆದುಹಾಕಿದವು.

ಪ್ರತಿ ಕಡಿತವೂ ತಪ್ಪಲ್ಲ

ಜಗಳಕ್ಕೆ ಹೋಗುವ ಮೊದಲು ಪಾಸ್‌ಬುಕ್ ಸರಿಯಾಗಿ ಓದಿ. ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ, ಎಸ್ಸೆಮ್ಮೆಸ್ ಶುಲ್ಕ ಇರಬಹುದು. ವರ್ಷಕ್ಕೆ 20 ರೂಪಾಯಿ ಹೋಗಿದ್ದರೆ ಅದು ಸುರಕ್ಷಾ ಬಿಮಾ ಅಪಘಾತ ವಿಮೆ. 436 ರೂಪಾಯಿ ಹೋಗಿದ್ದರೆ ಜೀವನ ಜ್ಯೋತಿ ವಿಮೆ. ಇವೆರಡೂ ಖಾತೆದಾರರ ಒಪ್ಪಿಗೆ ಇದ್ದರೆ ಮಾತ್ರ. ಜೀವನ ಜ್ಯೋತಿಯ ರಕ್ಷಣೆ 55 ವರ್ಷಕ್ಕೆ ಮುಗಿಯುತ್ತದೆ. ಅರವತ್ತೈದು ದಾಟಿದ ತಾಯಿಯ ಖಾತೆಯಿಂದ ಅದು ಕಡಿತವಾಗಿದ್ದರೆ ಖಂಡಿತ ಪ್ರಶ್ನಿಸಿ.

ಮಕ್ಕಳು ಹೇಗೆ ಮುಂದುವರಿಯಬೇಕು?

ಮೊದಲು ಅಪ್ಪ ಅಮ್ಮನನ್ನು ಕೇಳಿ. ಹಣ ಅವರದು, ತೀರ್ಮಾನವೂ ಅವರದೇ. "ಅಷ್ಟೂ ಗೊತ್ತಾಗಲ್ವಾ ನಿಂಗೆ?" ಎಂದು ಗದರಬೇಡಿ, ಗದರಿದರೆ ಮುಂದಿನ ಸಲ ಅವರು ಹೇಳುವುದೇ ಇಲ್ಲ.

"ಖಾತೆದಾರರೇ ಬರಬೇಕು" ಎಂದು ಬ್ಯಾಂಕಿನವರು ಹೇಳುವುದು ಸಹಜ. ಗುಟ್ಟು ಕಾಪಾಡುವುದು ಅವರ ಕರ್ತವ್ಯ. ಆದ್ದರಿಂದ ಸಾಧ್ಯವಾದರೆ ತಾಯಿಯ ಜೊತೆಯಲ್ಲೇ ಹೋಗಿ. ಆಗದಿದ್ದರೆ "ಈ ದೂರಿನ ವಿಷಯದಲ್ಲಿ ನನ್ನ ಪರವಾಗಿ ಮಾತನಾಡಲು ನನ್ನ ಮಗಳಿಗೆ ಅಧಿಕಾರ ಕೊಟ್ಟಿದ್ದೇನೆ" ಎಂಬ ಪತ್ರಕ್ಕೆ ಅವರ ಸಹಿ ಹಾಕಿಸಿ. ಹೆಬ್ಬೆಟ್ಟು ಒತ್ತುವವರಾದರೆ ಇಬ್ಬರು ಸಾಕ್ಷಿಗಳ ಸಹಿಯೂ ಇರಲಿ.

ದೂರನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಬರೆದು ಕೊಡಿ. ಕನ್ನಡದಲ್ಲೇ ಬರೆಯಿರಿ. ಖಾತೆ ಸಂಖ್ಯೆ, ಕಡಿತವಾದ ತಾರೀಕು, ಮೊತ್ತ, ಯಾವ ನಿಯಮ ಮುರಿದಿದೆ, ಎಷ್ಟು ಹಣ ವಾಪಸು ಬೇಕು, ಇಷ್ಟು ಸಾಕು. ಪಾಸ್‌ಬುಕ್ ಪುಟದ ಜೆರಾಕ್ಸ್ ಲಗತ್ತಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಬ್ಯಾಂಕಿನ ಸೀಲು, ತಾರೀಕು ಹಾಕಿಸಿಕೊಳ್ಳಿ. ಆ ಪ್ರತಿಯೇ ನಿಮಗೆ ಆಧಾರ.

30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ತಾಯಿಯ ಅಧಿಕಾರ ಪತ್ರ ಇದ್ದರೆ ಮಕ್ಕಳೂ ಸಲ್ಲಿಸಬಹುದು. ಅಂಚೆಯಲ್ಲಿ ಕಳಿಸುವ ವಿಳಾಸ: ರಿಸರ್ವ್ ಬ್ಯಾಂಕಿನ ಕೇಂದ್ರೀಕೃತ ಸ್ವೀಕೃತಿ ಕೇಂದ್ರ, ಸೆಂಟ್ರಲ್ ವಿಸ್ಟಾ, ಸೆಕ್ಟರ್ 17, ಚಂಡೀಗಢ 160017. ಮಾಹಿತಿಗೆ 14448ಕ್ಕೆ ಕರೆ ಮಾಡಿ. ಅವಧಿಯ ಮಿತಿ ಇರುವುದರಿಂದ ತಡ ಮಾಡಬೇಡಿ. ಮೊದಲು ಬ್ಯಾಂಕಿಗೆ ಬರೆಯದೆ ನೇರವಾಗಿ ಇಲ್ಲಿಗೆ ಬರೆದರೆ ದೂರು ತಿರಸ್ಕೃತವಾಗುತ್ತದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ದೂರು ಇಲ್ಲಿಗೆ ಸಲ್ಲುವುದಿಲ್ಲ.

ಮತ್ತೆ ಹೀಗಾಗದಂತೆ

ದುಡ್ಡು ವಾಪಸು ಬಂದರೆ ಸಾಲದು, ಖಾತೆಯ ಬಗೆಯನ್ನೇ ಬದಲಾಯಿಸಬೇಕು. ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆಯನ್ನು ಬ್ಯಾಂಕುಗಳು ಕೊಡಲೇಬೇಕು. ನಮ್ಮ ಜನ ಇದನ್ನೇ ಝೀರೋ ಬ್ಯಾಲೆನ್ಸ್ ಖಾತೆ ಅನ್ನುತ್ತಾರೆ. ಇದರಲ್ಲಿ ಎಟಿಎಂ ಕಾರ್ಡ್ ಉಚಿತ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಶುಲ್ಕವಿಲ್ಲದೆ ಹಣ ತೆಗೆಯಬಹುದು. ಇರುವ ಖಾತೆಯನ್ನೇ ಹೀಗೆ ಬದಲಾಯಿಸಲು ಬರೆದು ಕೇಳಿ. ಜೊತೆಗೆ ಈಗ ಬಳಸುವ ಮೊಬೈಲ್ ನಂಬರ್ ಹಾಕಿಸಿ. ಬೇಡವಾದ ಹಳೆ ಖಾತೆಗಳನ್ನು ಮುಚ್ಚಿಸಿ. ಎಟಿಎಂ ಪಿನ್ ಮಾತ್ರ ತಾಯಿಯ ಹತ್ತಿರವೇ ಇರಲಿ.

ಅಜ್ಜಿಯ ದೂರಿಗೆ ಹತ್ತೊಂಬತ್ತನೆಯ ದಿನ ಫಲ ಸಿಕ್ಕಿತು. 472 ರೂಪಾಯಿ ಖಾತೆಗೆ ವಾಪಸು ಬಂತು. ದೊಡ್ಡ ಮೊತ್ತವೇನಲ್ಲ. ಆದರೆ ಅಜ್ಜಿ ಮಗಳಿಗೆ ಹೇಳಿದ ಮಾತು ಇದು: "ಹಂಗಾದ್ರೆ ತಪ್ಪು ನಂದಲ್ಲ ಅಲ್ವಾ ಮಗಾ?"

ಮುಂದಿನ ಸಂಘದ ಸಭೆಗೆ ಬರುವಾಗ ಮನೆಯ ಹಿರಿಯರ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು, ಅವರ ಒಪ್ಪಿಗೆ ಪಡೆದು ತನ್ನಿ. ಒಟ್ಟಿಗೆ ಕುಳಿತು ಓದೋಣ.