ಮುಪ್ಪು, ಮೈಬಲ ಮತ್ತು ಒಂದು ಹಾರ್ಮೋನು

ಮಗನ ಯೌವನವನ್ನು ಕಡ ಪಡೆದ ಯಯಾತಿಯ ಆಸೆ ಪುರಾಣದೊಂದಿಗೆ ಮುಗಿಯಲಿಲ್ಲ. 1889ರಲ್ಲಿ, ಪ್ಯಾರಿಸ್ಸಿನ ವಿದ್ವತ್ಸಭೆಯೊಂದರಲ್ಲಿ, 72 ವರ್ಷದ ಶರೀರವಿಜ್ಞಾನಿ ಬ್ರೌನ್-ಸೆಕಾರ್ ಅವರು ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತಮಗೇ ಚುಚ್ಚಿಕೊಂಡು, ಕಳೆದುಹೋದ ಬಲವನ್ನು ಮರಳಿ ಪಡೆದೆನೆಂದು ಸಾರಿದರು. ಅದು ನಂಬಿಕೆಯ ಫಲವೇ ಹೊರತು ಮದ್ದಿನದಲ್ಲ. ನೀರಿನಲ್ಲಿ ತೆಗೆದ ಆ ರಸದಲ್ಲಿ ಹಾರ್ಮೋನು ಇಲ್ಲವೆನ್ನುವಷ್ಟು ಕಡಿಮೆ. ನಿಜವಾದ ವಸ್ತುವಾದ ಟೆಸ್ಟೋಸ್ಟೆರಾನ್ ಶುದ್ಧರೂಪದಲ್ಲಿ ದೊರೆತದ್ದು 1935ರಲ್ಲಿ.

ಈ ಹಾರ್ಮೋನು ಸ್ನಾಯುಗಳನ್ನು ಬೆಳೆಸುತ್ತದೆ, ಮೂಳೆಗಳನ್ನು ಪೋಷಿಸುತ್ತದೆ. ನಡುವಯಸ್ಸಿನಿಂದಾಚೆಗೆ ಗಂಡಸರಲ್ಲಿ ಅದು ನಿಧಾನವಾಗಿ ತಗ್ಗುತ್ತದೆ. ಅದೇ ಕಾಲಕ್ಕೆ ಹಿಡಿತ ಸಡಿಲುತ್ತದೆ, ನಡಿಗೆ ಮಂದವಾಗುತ್ತದೆ, ಮೈ ಇಳಿಯುತ್ತದೆ. ಇಂಥ ಸ್ಥಿತಿಯಲ್ಲಿ ನಾಲ್ಕು ದಿನದ ಜ್ವರವೋ ಬಚ್ಚಲಿನಲ್ಲಿ ಜಾರಿದ ಕಾಲೋ ಮನುಷ್ಯನನ್ನು ಹಾಸಿಗೆ ಹಿಡಿಸಲು ಸಾಕು. ಆದ್ದರಿಂದಲೇ ಹಿರಿಯರು ನನ್ನನ್ನು ಕೇಳುವುದುಂಟು: ಕಡಿಮೆಯಾದದ್ದನ್ನು ಹೊರಗಿನಿಂದ ತುಂಬಿಕೊಂಡರೆ ಆಯಿತಲ್ಲವೇ?

ಎರಡು ಸಂಗತಿಗಳು ಜೊತೆಯಾಗಿ ಬಂದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗಬೇಕಿಲ್ಲ. ಅಮೆರಿಕದಲ್ಲಿ 65 ದಾಟಿದ, ಈ ಹಾರ್ಮೋನು ಕಡಿಮೆಯಿದ್ದ 790 ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ 2016ರಲ್ಲಿ ಪ್ರಕಟವಾಯಿತು. ಒಂದು ವರ್ಷ ಕೆಲವರಿಗೆ ಹಾರ್ಮೋನಿನ ಲೇಪ, ಉಳಿದವರಿಗೆ ಅದರಂತೆಯೇ ಕಾಣುವ ಬರಿಯ ಲೇಪ. ಹಾರ್ಮೋನು ಪಡೆದವರಲ್ಲಿ ಕಾಮಾಸಕ್ತಿ ಹೆಚ್ಚಿತು. ಆದರೆ ನಡೆಯಲು ಕಷ್ಟಪಡುತ್ತಿದ್ದವರ ನಡಿಗೆಯಲ್ಲಿ ಗಣನೀಯ ಸುಧಾರಣೆ ಕಾಣಲಿಲ್ಲ. ಮರುವರ್ಷದ ವರದಿಯಲ್ಲಿ ಮೂಳೆಯ ಸಾಂದ್ರತೆ ಹೆಚ್ಚಿದೆಯೆಂದು ತಿಳಿಯಿತು. ಆದರೆ ಐದು ಸಾವಿರಕ್ಕೂ ಮಿಕ್ಕ ಗಂಡಸರನ್ನು ಕುರಿತ 2024ರ ವರದಿಯಲ್ಲಿ, ಹಾರ್ಮೋನು ಪಡೆದವರಲ್ಲೇ ಮೂಳೆಮುರಿತ ಹೆಚ್ಚಾಗಿತ್ತು. ಅಳತೆ ಸುಧಾರಿಸಿದರೆ ಬದುಕೂ ಸುಧಾರಿಸೀತೆಂಬ ಭರವಸೆಯಿಲ್ಲ.

ವೃಷಣದ ಅಥವಾ ಪಿಟ್ಯುಟರಿ ಗ್ರಂಥಿಯ ರೋಗದಿಂದ ಹಾರ್ಮೋನು ಬತ್ತಿದವರ ಮಾತು ಬೇರೆ. ಅವರಿಗೆ ವೈದ್ಯರ ಕಣ್ಗಾವಲಿನಲ್ಲಿ ಈ ಚಿಕಿತ್ಸೆ ಬೇಕು.

ಉಳಿದವರಿಗೆ ಹಾದಿ ಉಂಟು. 1990ರಲ್ಲಿ ಬೋಸ್ಟನ್ನಿನ ವೈದ್ಯರು, ವೃದ್ಧಾಶ್ರಮದಲ್ಲಿದ್ದ ಸುಮಾರು 90 ವರ್ಷದ ಹತ್ತು ಮಂದಿ ಸ್ತ್ರೀಪುರುಷರಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಕಲಿಸಿದರು. ಎಂಟು ವಾರಗಳನ್ನು ಪೂರೈಸಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿಯಲ್ಲಿ ಎರಡು ಪಟ್ಟನ್ನೂ ಮೀರಿತು. ದುಡಿಸಿದರೆ ಸ್ನಾಯು ತೊಂಬತ್ತರಲ್ಲೂ ಓಗೊಡುತ್ತದೆ.

ಕೈಯೂರದೆ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ, ದಿನವೂ ಒಂದಿಷ್ಟು ನಡಿಗೆ, ಊಟದಲ್ಲಿ ಬೇಳೆ, ಹಾಲು, ಮೊಟ್ಟೆ: ವೈದ್ಯರನ್ನು ಕೇಳಿ ಇಷ್ಟರಿಂದ ತೊಡಗಬಹುದು. ಮುದುಕರು ಬಯಸುವುದು ಯೌವನವನ್ನಲ್ಲ. ತಮ್ಮ ಸ್ನಾನಕ್ಕೆ ತಾವೇ ಎದ್ದು ಹೋಗುವಷ್ಟು ಬಲವನ್ನು. ಅದನ್ನು ಮಗನಿಂದ ಕಡ ಪಡೆಯಬೇಕಾಗಿಲ್ಲ.