ಬಸ್ ಸ್ಟಾಪಿನ ಕಲ್ಲುಬೆಂಚು

ಬೆಳಿಗ್ಗೆ ಮೊಮ್ಮಗಳನ್ನು ಶಾಲೆಯ ಬಸ್ಸಿಗೆ ಹತ್ತಿಸಿದವಳು ಮಧ್ಯಾಹ್ನ ಅವಳು ಇಳಿಯುವವರೆಗೆ ಬಾಯಿ ಬಿಟ್ಟೇ ಇಲ್ಲ ಎಂದು ನನಗೆ ಗೊತ್ತಾದದ್ದು ಅವಳಿಂದಲೇ. "ಅಜ್ಜಿ, ನಿನ್ನ ಗಂಟಲು ಯಾಕೆ ಕಟ್ಟಿದೆ? ಶೀತವಾ?" ಎಂದು ಕೇಳಿದಳು. ಶೀತವಲ್ಲ. ಏಳು ಗಂಟೆ ಮಾತಾಡದ ಗಂಟಲು ಹಾಗೇ ಆಗುತ್ತದೆ.

ನಾನು ಶಿರಸಿ ಕಡೆಯವಳು, ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಹೇಳಿದವಳು. ಅಲ್ಲಿ ಪೇಟೆಗೆ ಹೋಗಿ ಬರುವಷ್ಟರಲ್ಲಿ ಹತ್ತು ಜನ "ಅಕ್ಕೋರೇ, ಎಲ್ಲಿಗೆ ಹೊರಟ್ರಿ?" ಎಂದು ಕೇಳುತ್ತಿದ್ದರು. ಉತ್ತರ ಕೊಟ್ಟು ಕೊಟ್ಟು ಸಾಕಾಗುತ್ತಿತ್ತು. ಮನೆಯವರು ತೀರಿಕೊಂಡ ಮೇಲೆ ಮಗ "ಒಬ್ಬಳೇ ಇರಬೇಡ" ಎಂದು ಬೆಂಗಳೂರಿಗೆ ಕರೆತಂದ. ಒಂಬತ್ತನೇ ಮಹಡಿ, ಒಳ್ಳೆಯ ಗಾಳಿ, ಪ್ರೀತಿಯ ಸೊಸೆ. ಆದರೆ ಮಗ ಸೊಸೆ ಇಬ್ಬರೂ ಒಂಬತ್ತಕ್ಕೆ ಹೊರಟರೆ ಮರಳುವುದು ರಾತ್ರಿಗೆ. ಲಿಫ್ಟಿನಲ್ಲಿ ಎಲ್ಲರೂ ಮಹಡಿಯ ನಂಬರನ್ನೇ ದಿಟ್ಟಿಸುತ್ತಾರೆ. ಒಬ್ಬಳೇ ಇರಬಾರದೆಂದು ಬಂದವಳು ಇಲ್ಲಿ ನಿಜಕ್ಕೂ ಒಬ್ಬಳಾದೆ.

ಮಕ್ಕಳಿಗೆ ಈ ಕಷ್ಟವೇ ಇಲ್ಲ. ಈ ಮನೆಗೆ ಬಂದ ಮೊದಲ ದಿನವೇ ಮೊಮ್ಮಗಳು ಕೆಳಗೆ ಆಡಲು ಹೋಗಿ ಬಂದು "ನನಗೊಬ್ಬಳು ಫ್ರೆಂಡ್ ಸಿಕ್ಕಿದಳು" ಎಂದಳಂತೆ. ಹೆಸರೇನು ಎಂದು ಅವಳಮ್ಮ ಕೇಳಿದರೆ, "ಕೇಳಲಿಲ್ಲ. ನಾಳೆ ಕೇಳ್ತೀನಿ!"

ನನ್ನ ಸಲುವಾಗಿ ಮಗ ಪ್ರಯತ್ನ ಮಾಡಲಿಲ್ಲ ಎನ್ನುವಂತಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಹಿರಿಯರಿಗಾಗಿ ಒಂದು ಭಾನುವಾರ ಕೂಟ ನಡೆದಾಗ ಕರೆದುಕೊಂಡು ಹೋದ. ಎದೆಗೆ ಹೆಸರಿನ ಚೀಟಿ ಅಂಟಿಸಿದರು, ತಂಬೋಲಾ ಆಡಿಸಿದರು, ಉಪ್ಪಿಟ್ಟು ಕೇಸರಿಬಾತು ಕೊಟ್ಟರು. ಹನ್ನೊಂದು ಜನರ ಫೋನ್ ನಂಬರ್ ಬರೆದುಕೊಂಡು ಬಂದೆ. ಅವರೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಮಾಡಿ ಏನು ಹೇಳುವುದು?

ಕೊನೆಗೆ ಕೆಲಸಕ್ಕೆ ಬಂದದ್ದು ಗೇಟಿನಾಚೆ ಹೊಂಗೆ ಮರದಡಿಯ ಒಂದು ಕಲ್ಲುಬೆಂಚು. ಅಲ್ಲಿಗೇ ಶಾಲೆಯ ಬಸ್ಸು ಬರುವುದು. ಮೊಮ್ಮಗನನ್ನು ಕಳಿಸಲು ಇನ್ನೊಬ್ಬರು ಅಜ್ಜಿ ಬರುತ್ತಿದ್ದರು. ಮೂರು ವಾರ ಬರೀ ಮುಗುಳ್ನಗೆ. ಒಂದು ದಿನ ಬಸ್ಸು ಇಪ್ಪತ್ತು ನಿಮಿಷ ತಡವಾಯಿತು. "ಇವತ್ತ ಬಸ್ಸು ಬರ್ತದೋ ಇಲ್ಲೋ, ಅಕ್ಕಾರ?" ಎಂದರು. ನಾನು ಬೆಚ್ಚಿಬಿದ್ದೆ. ನಾನು ಟೀಚರ್ ಎಂದು ಇವರಿಗೆ ಹೇಗೆ ಗೊತ್ತು?

"ಹುಡುಗ್ರನ್ನ ಸಾಲಿನಾಗ ನಿಲ್ಲಿಸಿದ್ದು ನೋಡಿದ್ನಲ್ರಿ!"

ಅವರ ಊರು ಗದಗು. ಆವತ್ತಿನಿಂದ ಮಾತು ಶುರುವಾಯಿತು. ಬೆಳಿಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಹದಿನೈದು ನಿಮಿಷ, ಅಷ್ಟೇ.

ಇದರಲ್ಲಿ ಒಂದು ಲೆಕ್ಕವಿದೆ ಎಂದು ಆಮೇಲೆ ಓದಿ ತಿಳಿದೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು, ಹೊಸ ಊರಿಗೆ ಹೋಗಿ ಆರು ತಿಂಗಳೂ ಆಗದ ದೊಡ್ಡವರನ್ನು ಮತ್ತು ಆಗಷ್ಟೇ ಕಾಲೇಜು ಸೇರಿದ ಹುಡುಗರನ್ನು ವಿಚಾರಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬರೀ ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಜೊತೆಯಲ್ಲಿ ಕಳೆಯಬೇಕು, ಸ್ನೇಹಿತರು ಅನ್ನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200 ಗಂಟೆಗೂ ಹೆಚ್ಚು. ಆಫೀಸಿನಲ್ಲಿ ಅಕ್ಕಪಕ್ಕ ಕೂತು ದುಡಿದ ಹೊತ್ತು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲವಂತೆ. ನಗು, ಹರಟೆ, "ನಿನ್ನೆಯ ಆ ಕೆಲಸ ಏನಾಯಿತು?" ಎಂಬ ವಿಚಾರಣೆ ಇರಬೇಕು.

ಮೊಮ್ಮಗಳಿಗೆ ಇದನ್ನೇ ಗಣಿತವಾಗಿ ಕೊಟ್ಟೆ. ದಿನಕ್ಕೆ 25 ನಿಮಿಷ, ವಾರಕ್ಕೆ ಐದು ದಿನ. "ಅಂದಾಜು ಎರಡು ಗಂಟೆ ಅಜ್ಜಿ. 50 ಗಂಟೆಗೆ 25 ವಾರ. 200ಕ್ಕೆ 100 ವಾರ. ಶಾಲೆ ವರ್ಷಕ್ಕೆ 40 ವಾರ ಅಂತ ಹಿಡಿದರೆ ಎರಡೂವರೆ ವರ್ಷ!" ತಂಬೋಲಾ ಕೂಟ ಎರಡು ಗಂಟೆಯದು. ಅದರ ಮೇಲೆ ಸಿಟ್ಟು ಮಾಡಿಕೊಂಡದ್ದು ನನ್ನದೇ ತಪ್ಪು.

ಇನ್ನೂ ಹಳೆಯದೊಂದು ಅಧ್ಯಯನವಿದೆ. ಲಿಯಾನ್ ಫೆಸ್ಟಿಂಗರ್ ಮತ್ತವರ ಇಬ್ಬರು ಸಂಗಡಿಗರು ಎಂಐಟಿ ವಿದ್ಯಾರ್ಥಿಗಳ ಸಂಸಾರಗಳಿದ್ದ ವಸತಿಗಳನ್ನು ನೋಡಿ 1950ರಲ್ಲಿ ಬರೆದದ್ದು. ಪಕ್ಕದ ಬಾಗಿಲಿನವರಲ್ಲಿ ನೂರಕ್ಕೆ 41ರಷ್ಟು ಆಪ್ತರಾಗಿದ್ದರು. ಅದೇ ಮಹಡಿಯ ಆ ತುದಿಯವರಲ್ಲಿ ಬರೀ 10. ಕೆಳಗಿನ ಮಹಡಿಯಲ್ಲಿ ಮೆಟ್ಟಿಲ ಬುಡದಲ್ಲೇ ಮನೆ ಇದ್ದವರಿಗೆ ಮೇಲಿನವರ ಸ್ನೇಹ ಹೆಚ್ಚು, ಹತ್ತಿ ಇಳಿಯುವವರು ದಿನಾ ಕಣ್ಣಿಗೆ ಬೀಳುತ್ತಾರಲ್ಲ! ನಮ್ಮ ಊರಿನ ಮನೆಗಳಿಗೆ ಬೀದಿಗೆ ಮುಖ ಮಾಡಿ ಜಗಲಿ ಕಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಎಂಟು ತಿಂಗಳಾದ ಮೇಲೆ ಒಂದು ಸೋಮವಾರ ಗದಗಿನವರು ಬರಲಿಲ್ಲ. ಮಂಗಳವಾರವೂ ಇಲ್ಲ. ಹುಡುಗನನ್ನು ಅವನ ಅಪ್ಪ ಓಡುತ್ತಾ ತಂದು ಬಸ್ಸಿಗೆ ಹತ್ತಿಸಿ ಓಡುತ್ತಲೇ ಹೋಗುತ್ತಿದ್ದರು. ಗುರುವಾರ ನನಗೆ ತಡೆಯಲಾಗಲಿಲ್ಲ. ಹುಡುಕೋಣವೆಂದರೆ ಅವರ ಮನೆ ಯಾವುದೆಂದು ಗೊತ್ತಿಲ್ಲ. ಹೆಸರೂ ಗೊತ್ತಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತು, ತವರಿನ ಬಾವಿ ಎಷ್ಟು ಆಳ ಎಂಬುದೂ ಗೊತ್ತು, ಹೆಸರು ಮಾತ್ರ ಕೇಳಿರಲಿಲ್ಲ. ಮೊಮ್ಮಗಳು ಬಸ್ಸಿನಲ್ಲಿ ಆ ಹುಡುಗನನ್ನು ಕೇಳಿ ಸುದ್ದಿ ತಂದಳು: ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದಿದೆ, ಸಿ ಬ್ಲಾಕ್, ಮೂರನೇ ಮಹಡಿ.

ಕರೆಯದೆ ಹೋಗಬಹುದೇ? ನಗರದಲ್ಲಿ ಹೀಗೆಲ್ಲ ಹೋಗುತ್ತಾರೆಯೇ? ಶಿರಸಿಯಲ್ಲಾಗಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಮಿಡಿ ಉಪ್ಪಿನಕಾಯಿಯ ಡಬ್ಬಿ ಹಿಡಿದು ಲಿಫ್ಟಿನ ಮುಂದೆ ನಿಂತು ಎರಡು ಸಲ ವಾಪಸು ಬಂದೆ. ಮೂರನೇ ಸಲ ಮೊಮ್ಮಗಳೇ ಗುಂಡಿ ಒತ್ತಿದಳು. ಬಾಗಿಲು ತೆರೆದ ಸೊಸೆ "ಯಾರು ಬೇಕಾಗಿತ್ತು?" ಎಂದು ಕೇಳಿದಾಗ ನನ್ನ ಬಾಯಿ ಕಟ್ಟಿತು. "ಬಸ್ ಸ್ಟಾಪಿನ..." ಎಂದು ತೊದಲಿದೆ.

ಒಳಗಿನಿಂದ ದನಿ ಬಂತು: "ಅಕ್ಕಾರ ಏನ್ರಿ? ಒಳಗ ಬರ್ರಿ, ಬರ್ರಿ! ನಾಕ್ ದಿನ ಆತು, ಮಾತಿಲ್ದ ಸಾಕಾಗಿ ಹೋಗೇತಿ ನನಗ."

ಆವತ್ತು ಹೆಸರು ಕೇಳಿಕೊಂಡೆ. ಕರೆಯುವುದು ಮಾತ್ರ ಈಗಲೂ ಗದಗಿನವರು ಎಂದೇ.

ಕೈ ಕೂಡಿದ ಮೇಲೆ ಅವರು ನಮ್ಮ ಮನೆಗೆ ಬಂದರು. ನಮ್ಮ ಕಡೆಯ ರೂಢಿಯಂತೆ "ಆಸರಿಗೆ ಏನು ಬೇಕು?" ಎಂದೆ, ಕುಡಿಯಲು ಏನು ಕೊಡಲಿ ಎಂದು. ಅವರು ಗಾಬರಿಯಾಗಿ, "ಆಸರೆ ಯಾಕ್ರಿ ನನಗ? ಮಗನ ಮನಿ ಐತಲ್ರಿ!" ಎಂದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮನೆಯವರು ಹೋದ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು. ಕಾರ್ತಿಕದ ಕೊನೆಯ ಸೋಮವಾರ ಇಬ್ಬರೂ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದೆವು. ದೊಡ್ಡ ಬಸವಣ್ಣನಿಗೆ ಕೈ ಮುಗಿದು ಹೊರಬಂದವರೇ ಅವರು ರಾಶಿ ರಾಶಿಯಲ್ಲೂ ಕೈಯಾಡಿಸಿ, "ನಮ್ಮ ಕಡೆ ಶೇಂಗಾದ ರುಚಿ ಇದಕ್ಕಿಲ್ಲ ಬಿಡ್ರಿ" ಎನ್ನುತ್ತಲೇ ಎರಡು ಸೇರು ಕೊಂಡರು. ಅದೇ ವಾರ ನಮ್ಮ ಮನೆಗೆ ಶೇಂಗಾ ಹೋಳಿಗೆ ಬಂತು.

ಗಂಡಸರಿಗೆ ಇದೆಲ್ಲ ಇನ್ನೂ ಕಷ್ಟವೇನೋ. ಗದಗಿನವರ ಯಜಮಾನರು ವರ್ಷವಿಡೀ ಬಾಲ್ಕನಿಯಲ್ಲೇ ಪೇಪರ್ ಓದುತ್ತಿದ್ದರು. ಅದೇ ಪೇಪರನ್ನು ಕೆಳಗಿನ ಪಾರ್ಕಿನಲ್ಲಿ ಕೂತು ಓದಿ ಎಂದು ಮೊಮ್ಮಗ ಹಟ ಹಿಡಿದ. ಈಗ ಪದಬಂಧ ಬಿಡಿಸಲು ನಾಲ್ಕು ತಲೆ ಸೇರುತ್ತವೆ, ಜಗಳವೂ ಆಗುತ್ತದೆ.

ಶಿರಸಿಯ ಗೆಳತಿಯರ ಜಾಗ ತುಂಬಿತೇ ಎಂದರೆ ಇಲ್ಲ. ನನ್ನ ಮದುವೆ ಉಂಡವರು ಇಲ್ಲಿ ಯಾರೂ ಸಿಗುವುದಿಲ್ಲ.

ಮೊಮ್ಮಗಳು ಈ ಜೂನಿನಲ್ಲಿ ಏಳನೇ ತರಗತಿಗೆ ಬಂದಳು. "ಅಜ್ಜಿ, ಇನ್ನು ಬಸ್ಸಿಗೆ ನಾನೊಬ್ಬಳೇ ಹೋಗ್ತೀನಿ, ನೀನು ಬರಬೇಡ. ಎಲ್ಲರೂ ನಗ್ತಾರೆ" ಎಂದಳು. ಗದಗಿನವರ ಮೊಮ್ಮಗನದೂ ಅದೇ ರಾಗ. ಹಾಗಾಗಿ ಈಗ ನಾವಿಬ್ಬರೂ ಬಸ್ಸು ಹೋದ ಐದು ನಿಮಿಷಕ್ಕೆ ಸರಿಯಾಗಿ ಕೆಳಗಿಳಿದು ಬೆಂಚಿಗೆ ಬರುತ್ತೇವೆ. ಮಧ್ಯಾಹ್ನ ಬಸ್ಸು ಬರುವ ಮುಂಚೆ ಎದ್ದು ಹೋಗಬೇಕು. ಅದನ್ನು ಮಾತಿನ ಭರದಲ್ಲಿ ಎಷ್ಟೋ ಸಲ ಮರೆಯುತ್ತೇವೆ. ಆಗ ಮಕ್ಕಳಿಬ್ಬರೂ ಬಸ್ಸಿನಿಂದ ಇಳಿದು, ನಮ್ಮ ಪರಿಚಯವೇ ಇಲ್ಲದವರ ಹಾಗೆ ಮುಂದೆ ಹೋಗುತ್ತಾರೆ.