ಪಹಣಿ ಹರಿದರೆ ಹೊಲ ಖಾಲಿ ಆಗಲ್ಲ

ನಿಮ್ಮ ಮನೆಯ ಹಳೇ ಕಂಪ್ಯೂಟರ್ ಈಗ ಎಲ್ಲಿದೆ? ಮಾರಿಬಿಟ್ರಾ? ಎಕ್ಸ್‌ಚೇಂಜ್‌ಗೆ ಕೊಟ್ರಾ? ಕೊಡೋ ಮುಂಚೆ ಅದರೊಳಗೆ ಇದ್ದದ್ದನ್ನೆಲ್ಲ ಅಳಿಸಿದ್ರಾ? "ಹೂಂ, ಎಲ್ಲ ಡಿಲೀಟ್ ಮಾಡಿಯೇ ಕೊಟ್ಟಿದ್ದೀನಿ" ಅಂತೀರಿ. ಒಳ್ಳೇದು. ಇವತ್ತಿನ ಮಾತು ಮುಗಿಯೋ ಹೊತ್ತಿಗೆ ಇದೇ ಪ್ರಶ್ನೆಯನ್ನ ಮತ್ತೊಮ್ಮೆ ಕೇಳ್ತೀನಿ.

ನಮ್ಮ ಅಕ್ಕನ ಮಗ ಈ ವರ್ಷ ಡಿಪ್ಲೊಮಾ ಸೇರಿದ. ಕಂಪ್ಯೂಟರ್ ಬೇಕು ಅಂದ. ಹೊಸದು ಕೊಡಿಸೋಕೆ ಭಾವನ ಕೈಯಲ್ಲಿ ಆಗ ಅಷ್ಟು ದುಡ್ಡಿರಲಿಲ್ಲ. ಬೆಂಗಳೂರಿನವರಿಗೆ ಇಂಥ ಹೊತ್ತಲ್ಲಿ ನೆನಪಾಗೋದು ಒಂದೇ ಜಾಗ, ಎಸ್.ಪಿ. ರೋಡ್. ಅಪ್ಪ ಮಗ ಹೋಗಿ ಯಾವುದೋ ಅಂಗಡಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಂದ್ರು. "ಒಂದು ಟಿಬಿ ಹಾರ್ಡ್ ಡಿಸ್ಕ್ ಸರ್, ಜೀವನಪೂರ್ತಿ ತುಂಬಲ್ಲ" ಅಂದಿದ್ದನಂತೆ ಅಂಗಡಿಯವನು.

ಮಾರನೇ ದಿನ ರಾತ್ರಿ ಬುಲೆಟಿನ್ ಮುಗಿಸಿ ಹೊರಗೆ ಬಂದಾಗ ಹುಡುಗನ ಫೋನ್. "ಮಾವ, ಒಂದು ಟಿಬಿ ಅಂದ್ರು, ಇಲ್ಲಿ 931 ಜಿಬಿ ತೋರಿಸ್ತಿದೆ. ಅದ್ರಲ್ಲೂ ಸಿ ಡ್ರೈವ್ ಇರೋದು 200 ಜಿಬಿ ಮಾತ್ರ. ಮೋಸ ಹೋದ್ವಾ?" ನಮ್ಮ ಮನೆಯಲ್ಲಿ ಮಿಕ್ಸಿ ಕೆಟ್ಟರೂ ನನಗೇ ಫೋನ್ ಬರೋದು. ಟಿವಿಯಲ್ಲಿ ನಾನು ಏನೇ ಓದಲಿ, ಅವರ ಪಾಲಿಗೆ ಇಂದಿಗೂ ನಾನು "ಇಂಜಿನಿಯರಿಂಗ್ ಓದಿದೋನು".

931ರ ವಿಷಯದಲ್ಲಿ ಮೋಸ ಇಲ್ಲ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ. ವಸ್ತು ಒಂದೇ, ಅಳತೆಯ ಸೇರು ಬೇರೆ. ಸಿ ಡ್ರೈವ್ 200 ಜಿಬಿ ಯಾಕೆ ಅನ್ನೋದಕ್ಕೆ ಮಾತ್ರ ಸ್ವಲ್ಪ ವಿವರ ಬೇಕು.

ಹಾರ್ಡ್ ಡಿಸ್ಕ್ ಅನ್ನೋದನ್ನ ಒಂದು ಹೊಲ ಅಂದ್ಕೊಳ್ಳಿ. ಒಂದೇ ಹೊಲಕ್ಕೆ ಬದು ಹಾಕಿ ಮೂರ್ನಾಲ್ಕು ತಾಕು ಮಾಡ್ಕೋತೀವಲ್ಲ, ಆ ತಾಕಿನ ಹೆಸರೇ ಪಾರ್ಟಿಷನ್. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಆಫೀಸ್ ಕಾಗದ, ಮತ್ತೊಂದರಲ್ಲಿ ಫೋಟೋ. ಎ ಮತ್ತು ಬಿ ಅಕ್ಷರಗಳನ್ನ ಹಿಂದೆ ಫ್ಲಾಪಿಗೆ ಬಿಟ್ಟುಕೊಟ್ಟಿದ್ದರಿಂದ ಇವತ್ತಿಗೂ ಹೊಲದ ಮೊದಲ ತಾಕು ಸಿ ಅಂತಲೇ ಶುರುವಾಗುತ್ತೆ. ಯಾವ ತಾಕು ಎಲ್ಲಿಂದ ಎಲ್ಲಿಯವರೆಗೆ ಅನ್ನೋದನ್ನ ಡಿಸ್ಕಿನ ಆರಂಭದಲ್ಲೇ ಒಂದು ಪಟ್ಟಿಯಲ್ಲಿ ಬರೆದಿರುತ್ತೆ. ಅದು ಪಾರ್ಟಿಷನ್ ಟೇಬಲ್. ನಮ್ಮ ಭಾಷೆಯಲ್ಲಿ, ಪಹಣಿ.

1983ರಿಂದ ಬಂದ ಹಳೇ ಪದ್ಧತಿಗೆ ಎಂಬಿಆರ್ ಅಂತಾರೆ. ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳಲ್ಲಿ ಪಹಣಿಗೆ ಸಿಗೋದು ಬರೀ 64 ಬೈಟ್. ಅದರಲ್ಲಿ ನಾಲ್ಕೇ ತಾಕು ಬರೆಯಬಹುದು, ಸುಮಾರು 2 ಟಿಬಿ ದಾಟಿದ ಜಾಗ ಅದರ ಲೆಕ್ಕಕ್ಕೇ ಬರಲ್ಲ. ಈಗಿನ ಪದ್ಧತಿ ಜಿಪಿಟಿ. ವಿಂಡೋಸ್‌ನಲ್ಲಿ 128 ತಾಕುಗಳವರೆಗೆ ಬರೆಯಬಹುದು. ಜೊತೆಗೆ ಅದರ ಒಂದು ನಕಲು ಡಿಸ್ಕಿನ ಕೊನೆಯಲ್ಲೂ ಇರುತ್ತೆ. ತಾಲೂಕು ಕಚೇರಿಯಲ್ಲೊಂದು, ಮನೆಯ ಟ್ರಂಕಿನಲ್ಲೊಂದು ಅನ್ನೋ ಹಾಗೆ.

ನಮ್ಮ ಹುಡುಗನ ಡಿಸ್ಕಿನಲ್ಲಿ ಐದು ತಾಕು ಕಾಣ್ತಿತ್ತು. ಕಂಪ್ಯೂಟರ್ ಏಳೋಕೆ ಬೇಕಾದ ಚಿಕ್ಕ ಇಎಫ್ಐ ತಾಕು, ಆಮೇಲೆ ಸಿ, ಅದಕ್ಕೆ ಅಂಟಿಕೊಂಡು ರಿಕವರಿ ಅನ್ನೋ ಇನ್ನೊಂದು ಚಿಕ್ಕದು, ಆಮೇಲೆ ಡಿ, ಕೊನೆಗೆ 430 ಜಿಬಿಯ ಇ. ಹುಡುಗ ನನಗೆ ಫೋನ್ ಮಾಡೋ ಮುಂಚೆಯೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು, ಇ ಮೇಲೆ ರೈಟ್ ಕ್ಲಿಕ್ ಒತ್ತಿ, ಡಿಲೀಟ್ ವಾಲ್ಯೂಮ್ ಕೊಟ್ಟಿದ್ದ. ಆದರೂ ಸಿ ದೊಡ್ಡದಾಗಲಿಲ್ಲ, ಎಕ್ಸ್‌ಟೆಂಡ್ ಅನ್ನೋ ಆಯ್ಕೆ ಮಂಕಾಗಿಯೇ ಇತ್ತು. ಆಗೋದೂ ಇಲ್ಲ. ಪಕ್ಕದ ಜಮೀನು ನಿಮ್ಮದಾದರೆ ಬದು ಸರಿಸಬಹುದು. ನಡುವೆ ಬೇರೆಯವರ ತಾಕು ಇದ್ದರೆ? ಸಿ ಹಿಗ್ಗಬೇಕಂದರೆ ಖಾಲಿ ಜಾಗ ಅದರ ಬಲಕ್ಕೇ ಅಂಟಿಕೊಂಡಿರಬೇಕು. ಇಲ್ಲಿ ನಡುವೆ ರಿಕವರಿಯೂ ಇತ್ತು, ಡಿಯೂ ಇತ್ತು.

"ಡಿ ಒಳಗೆ ಏನಿದೆಯೋ?" ಅಂತ ಕೇಳಿದೆ. "ಯಾರದ್ದೋ ಸ್ಯಾಲರಿ ಸ್ಲಿಪ್, ಪ್ಯಾನ್ ಕಾರ್ಡ್, ರೆಸ್ಯೂಮ್ ಎಲ್ಲ ಇದೆ ಮಾವ." "ಮತ್ತೆ ಇ ಒಳಗೆ?" ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಮ್ಮ ಅಂತ ಒಂದು ಫೋಲ್ಡರ್ ಇತ್ತು. ವಿಡಿಯೋ. ನಾನು ನೋಡ್ಲಿಲ್ಲ. ಅಳಿಸಿಬಿಟ್ಟೆ."

ಕಂಪ್ಯೂಟರ್ ಆಫ್ ಮಾಡು, ನಾನು ಬರೋವರೆಗೂ ಮುಟ್ಟಬೇಡ ಅಂದೆ.

ಶನಿವಾರ ಹೋದೆ. ಆ ಡಿಸ್ಕನ್ನ ಬಿಚ್ಚಿ, ಕೇಬಲ್ ಹಾಕಿ ನನ್ನ ಲ್ಯಾಪ್‌ಟಾಪ್‌ಗೆ ಸೇರಿಸಿದೆ. ಬೇರೆಯವರ ಫೈಲ್ ತೆರೆಯಬಾರದು. ಗೊತ್ತಿದ್ದೂ ಒಂದನ್ನ ತೆರೆದೆ, ರೆಸ್ಯೂಮ್. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. "ಸರ್, ನಿಮ್ಮ ಹಳೇ ಕಂಪ್ಯೂಟರ್ ನಮ್ಮ ಹತ್ರ ಇದೆ, ಅದರಲ್ಲಿ ನಿಮ್ಮ ಪ್ಯಾನ್ ಕಾರ್ಡ್..." ಅಷ್ಟಕ್ಕೇ ಆ ಕಡೆಯಿಂದ ಫೋನ್ ಕಟ್. ಎರಡನೇ ಸಲ ಮಾಡಿದಾಗ "ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ" ಅಂದ್ರು. ತಪ್ಪು ಅವರದಲ್ಲ. ಅಪರಿಚಿತರು ಫೋನ್ ಮಾಡಿ ಪ್ಯಾನ್ ಕಾರ್ಡ್ ಅಂದರೆ ಮಾತೇ ಆಡಬೇಡಿ ಅಂತ ದಿನಾ ಸ್ಟುಡಿಯೋದಲ್ಲಿ ಕೂತು ಹೇಳೋನು ನಾನೇ! ಮೂರನೇ ಸಲ ಅಕ್ಕ ಫೋನ್ ಕಿತ್ಕೊಂಡು, "ಅಣ್ಣಾ, ಅದರಲ್ಲಿ ಅಮ್ಮ ಅಂತ ಒಂದು ಫೋಲ್ಡರ್ ಇದೆಯಂತೆ, ಬೇಕಾ ನಿಮಗೆ?" ಅಂತ ಕೇಳಿದಳು.

ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಅದು ಇನ್ನೂ ಇದೆಯಾ ಅಕ್ಕಾ?" ಅಂದ್ರು. ಅವರ ತಾಯಿ ಕೋವಿಡ್‌ನಲ್ಲಿ ತೀರಿಕೊಂಡಿದ್ದರು. ಮನೆ ಖಾಲಿ ಮಾಡುವಾಗ ತಮ್ಮ ಈ ಕಂಪ್ಯೂಟರನ್ನ ಮಾರಿಬಿಟ್ಟಿದ್ದ. ವಿಡಿಯೋಗಳಿಗೆ ಬೇರೆ ಕಾಪಿ ಇರಲಿಲ್ಲ.

ಇದೆ ಅಂತ ಅಕ್ಕ ಹೇಳಿಬಿಟ್ಟಿದ್ದಳು. ಇರಬೇಕಲ್ಲ?

ಇತ್ತು. ಪಹಣಿ ಹರಿದು ಹಾಕಿದರೆ ಹೊಲದಲ್ಲಿರೋ ಬೆಳೆ ಮಾಯ ಆಗುತ್ತಾ? ಪಾರ್ಟಿಷನ್ ಡಿಲೀಟ್ ಮಾಡಿದಾಗ ಆಗೋದು ಇಷ್ಟೇ, ಪಟ್ಟಿಯಲ್ಲಿ ಅದರ ಸಾಲು ಹೋಗುತ್ತೆ. ಆ 430 ಜಿಬಿ ಜಾಗದಲ್ಲಿದ್ದ ಒಂದೊಂದು ಅಕ್ಷರವೂ ಇದ್ದಲ್ಲೇ ಇರುತ್ತೆ, ಅದರ ಮೇಲೆ ಬೇರೇನಾದರೂ ಬರೆಯೋವರೆಗೆ. ಆಫ್ ಮಾಡಿಡು ಅಂದಿದ್ದು ಅದಕ್ಕೇ. ಟೆಸ್ಟ್‌ಡಿಸ್ಕ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದು ಡಿಸ್ಕಿನ ಮೇಲೆಲ್ಲ ಓಡಾಡಿ, ಕಳೆದುಹೋದ ಬದುಗಳ ಗುರುತು ಹುಡುಕುತ್ತೆ. ಇ ಸಿಕ್ಕಿತು. ಅಮ್ಮ ಫೋಲ್ಡರೂ ಸಿಕ್ಕಿತು. ಅದನ್ನ ಬೇರೆ ಡಿಸ್ಕಿಗೆ ಕಾಪಿ ಮಾಡಿದೆ. ನೆನಪಿಡಿ, ಉಳಿಸಿಕೊಳ್ಳೋದನ್ನ ಅದೇ ಡಿಸ್ಕಿಗೆ ಕಾಪಿ ಮಾಡಬಾರದು. ಮಾಡಿದರೆ ಹುಡುಕ್ತಿರೋದರ ಮೇಲೆ ನಾವೇ ಮಣ್ಣು ಹಾಕಿದ ಹಾಗೆ.

ನಾನು ಸಂತೋಷಪಟ್ಟ ಅದೇ ಕ್ಷಣದಲ್ಲಿ ನನಗೆ ಭಯವೂ ಆಯ್ತು. ಅಳಿಸಿದ್ದನ್ನ ನಾನು ಅರ್ಧ ದಿನದಲ್ಲಿ ವಾಪಸ್ ತರಬಹುದು ಅಂದರೆ, ಯಾರು ಬೇಕಾದರೂ ತರಬಹುದು. 2003ರಲ್ಲಿ ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಅನ್ನೋ ಇಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 158 ಹಾರ್ಡ್ ಡಿಸ್ಕ್ ಕೊಂಡಿದ್ದರು. ಕೆಲಸ ಮಾಡ್ತಿದ್ದದ್ದು 129. ಸರಿಯಾಗಿ ಅಳಿಸಿದ್ದು ಎಷ್ಟು ಗೊತ್ತಾ? ಬರೀ 12. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ನಂಬರ್, ವೈದ್ಯಕೀಯ ಪತ್ರಗಳು ಸಿಕ್ಕವು. ಎಟಿಎಂ ಯಂತ್ರದಿಂದ ಬಂದಂತಿದ್ದ ಒಂದು ಡಿಸ್ಕೂ ಅದರಲ್ಲಿತ್ತು. ಮಾರಿದವರಲ್ಲಿ ಎಷ್ಟೋ ಜನ ಅಳಿಸಿಯೇ ಕೊಟ್ಟಿದ್ದೀವಿ ಅಂದ್ಕೊಂಡಿದ್ದರು.

ಭಾನುವಾರ ಅವರು ಪೆನ್‌ಡ್ರೈವ್ ಹಿಡ್ಕೊಂಡು ಬಂದ್ರು. ವಿಡಿಯೋಗಳನ್ನ ತಗೊಂಡ್ರು. ಒಂದನ್ನ ಹಾಕಿ ನೋಡಿದ್ರು, ತಾಯಿ ಹಪ್ಪಳ ಒತ್ತುತ್ತಾ ಮಗನನ್ನ ಬೈತಿದ್ದಾರೆ, ಅಷ್ಟೇ. ಅಕ್ಕ ಕಾಫಿ ತರೋ ನೆಪದಲ್ಲಿ ಒಳಗೆ ಹೋದಳು. ಹೊರಡುವಾಗ ಅವರು ಹೇಳಿದ್ದು ಒಂದೇ ಮಾತು: "ಉಳಿದದ್ದು ಬೇಡ ಸರ್. ಯಾರ ಕೈಗೂ ಸಿಗದ ಹಾಗೆ ಅಳಿಸಿಬಿಡಿ."

ಅಳಿಸಿದೆವು. ಹೇಗೆ ಅಂತ ನಿಮಗೂ ಹೇಳ್ತೀನಿ, ಹಂತ ಹಂತವಾಗಿ. ಮೊದಲನೇದು, ಬೇಕಾದದ್ದೆಲ್ಲ ಬೇರೆ ಕಡೆ ಕಾಪಿ ಆಗಿದೆಯಾ ನೋಡಿ. ಇಲ್ಲಿಂದ ಮುಂದೆ ವಾಪಸ್ ದಾರಿ ಇಲ್ಲ. ಎರಡನೇದು, ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಪೆನ್‌ಡ್ರೈವ್ ಮಾಡಿಕೊಳ್ಳಿ. ಖಾಲಿಯಾದ 8 ಜಿಬಿಯ ಪೆನ್‌ಡ್ರೈವ್ ಸಾಕು. ವಿಂಡೋಸ್ ಓಡ್ತಿರುವಾಗ ತಾನು ಕೂತ ಕೊಂಬೆಯನ್ನ ತಾನೇ ಕಡಿಯೋಕೆ ಬಿಡಲ್ಲ, ಅದಕ್ಕೇ ಹೊರಗಿನಿಂದ ಬರಬೇಕು. ಮೂರನೇದು, ಅದರಿಂದ ಕಂಪ್ಯೂಟರ್ ಶುರು ಮಾಡಿ, ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ. ಕಪ್ಪು ಕಿಟಕಿ ಬರುತ್ತೆ. ಅಲ್ಲಿ ಡಿಸ್ಕ್‌ಪಾರ್ಟ್ ಅಂತ ಟೈಪ್ ಮಾಡಿ, ಆಮೇಲೆ ಲಿಸ್ಟ್ ಡಿಸ್ಕ್.

ಇಲ್ಲಿ ಒಂದು ನಿಮಿಷ ನಿಲ್ಲಿ. ಪಟ್ಟಿಯಲ್ಲಿ ಪೆನ್‌ಡ್ರೈವೂ ಇರುತ್ತೆ, ಬೇರೆ ಡಿಸ್ಕ್ ಇದ್ದರೆ ಅದೂ ಇರುತ್ತೆ. ಗಾತ್ರ ನೋಡಿ ಗುರುತು ಹಿಡೀರಿ. ಬೇಡದ ಡಿಸ್ಕಿನ ಕೇಬಲ್ಲನ್ನ ಮೊದಲೇ ಬಿಚ್ಚಿಟ್ಟರೆ ಇನ್ನೂ ಕ್ಷೇಮ. ನಂಬರ್ ತಪ್ಪಿದರೆ ಪಕ್ಕದವರ ಹೊಲಕ್ಕೆ ಜೆಸಿಬಿ ನುಗ್ಗಿಸಿದ ಹಾಗೆ. ಸರಿ ಅನ್ನಿಸಿದ ಮೇಲೆ ಸೆಲೆಕ್ಟ್ ಡಿಸ್ಕ್ 0, ಅಥವಾ ನಿಮ್ಮ ಡಿಸ್ಕಿನ ನಂಬರ್ ಯಾವುದೋ ಅದು.

ಈಗ ಎರಡು ದಾರಿ. ಕ್ಲೀನ್ ಅಂದರೆ ಕೆಲವೇ ಸೆಕೆಂಡಲ್ಲಿ ಪಹಣಿ ಪೂರ್ತಿ ಹೋಗುತ್ತೆ. ಇಎಫ್ಐ, ರಿಕವರಿ, ಸಿ, ಡಿ ಯಾವುದೂ ಉಳಿಯಲ್ಲ. ನಿಮ್ಮದೇ ಕಂಪ್ಯೂಟರನ್ನ ನೀವೇ ಮತ್ತೆ ಬಳಸೋದಾದರೆ ಇಷ್ಟು ಸಾಕು. ಆದರೆ ಬೆಳೆ ಮಾತ್ರ ಅಲ್ಲೇ ಇರುತ್ತೆ. ಕ್ಲೀನ್ ಆಲ್ ಅಂದರೆ ಇಡೀ ಹೊಲವನ್ನ ಉತ್ತ ಹಾಗೆ, ಡಿಸ್ಕಿನ ಮೂಲೆ ಮೂಲೆಗೂ ಸೊನ್ನೆ ಬರೆಯುತ್ತೆ. ನಮಗೆ ಸುಮಾರು ಮೂರು ಗಂಟೆ ಹಿಡೀತು. ಏಳು ಸಲ ಅಳಿಸಬೇಕು ಅಂತ ಹೇಳೋರಿದ್ದಾರೆ. ಈಗಿನ ಹಾರ್ಡ್ ಡಿಸ್ಕಿಗೆ ಒಂದು ಸಲ ಪೂರ್ತಿ ಬರೆದರೆ ಸಾಕು. ಎಸ್ಎಸ್‌ಡಿಯ ಲೆಕ್ಕವೇ ಬೇರೆ. ಅದು ಬರೆಯೋ ಜಾಗವನ್ನ ತಾನೇ ಒಳಗೊಳಗೆ ಬದಲಾಯಿಸ್ತಾ ಇರುತ್ತೆ, ಹಾಗಾಗಿ ಸೊನ್ನೆ ಬರೆದರೂ ಕೆಲವು ಮೂಲೆ ಉಳಿದುಬಿಡಬಹುದು. ಅದಕ್ಕೆ ಅದೇ ಕಂಪನಿಯ ಸಾಫ್ಟ್‌ವೇರಿನಲ್ಲಿ ಅಥವಾ ಕೆಲವು ಕಂಪ್ಯೂಟರುಗಳ ಬಯಾಸ್‌ನಲ್ಲಿ ಸಿಗುವ ಸೆಕ್ಯೂರ್ ಇರೇಸ್ ಬಳಸಿ. ಎಸ್ಎಸ್‌ಡಿಯಲ್ಲಿ ಫೈಲ್ ಅಳಿಸಿದರೆ ಟ್ರಿಮ್ ಅನ್ನೋ ವ್ಯವಸ್ಥೆ ಆ ಜಾಗವನ್ನ ತಾನಾಗಿ ಖಾಲಿ ಮಾಡಿಬಿಡಬಹುದು. ಅಲ್ಲಿ ಅಮ್ಮನ ಫೋಲ್ಡರ್ ಹೀಗೆ ವಾಪಸ್ ಸಿಗ್ತಿತ್ತು ಅಂತ ನಾನು ಧೈರ್ಯವಾಗಿ ಹೇಳಲಾರೆ.

ಎಲ್ಲ ಆದ ಮೇಲೆ ಕಪ್ಪು ಕಿಟಕಿ ಮುಚ್ಚಿ, ವಿಂಡೋಸ್ ಹಾಕೋಕೆ ಶುರು ಮಾಡಿ. ಡಿಸ್ಕ್ ಕೇಳುವಲ್ಲಿ "ಅನ್‌ಅಲೊಕೇಟೆಡ್" ಅಂತ ಒಂದೇ ಸಾಲು ಕಾಣುತ್ತೆ. ಅದನ್ನ ಆರಿಸಿ ನೆಕ್ಸ್ಟ್ ಕೊಡಿ ಸಾಕು. ಬೇಕಾದ ಚಿಕ್ಕ ತಾಕುಗಳನ್ನ ಅದೇ ಮಾಡ್ಕೊಳ್ಳುತ್ತೆ.

"ಸಿ ಡ್ರೈವ್‌ನ ಹಾಗೇ ಬಿಟ್ಟಿದ್ದರೆ ಆಗ್ತಿರಲಿಲ್ವಾ ಮಾವ?" ಅಂತ ಹುಡುಗ ಕೇಳಿದ. ಯಾರೋ ಹಾಕಿದ ವಿಂಡೋಸ್, ಒಳಗೆ ಇನ್ಯಾರೋ ಏನು ಬಿಟ್ಟಿದ್ದಾರೋ ಗೊತ್ತಿಲ್ಲ. ಅದರಲ್ಲಿ ಕೂತು ನಿಮ್ಮಪ್ಪ ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡಬೇಕಾ? ಬಾಡಿಗೆ ಮನೆಗೆ ಹೋದ ದಿನವೇ ಬೀಗ ಬದಲಾಯಿಸೋರು ನಾವು. ಇಲ್ಲಿ ಮಾತ್ರ ಹಳೇ ಬೀಗದಕೈ ಯಾರ ಹತ್ರ ಇದೆ ಅಂತ ಕೇಳೋದೇ ಇಲ್ಲ.

ಕೊನೇ ಮಾತು. ಕೊಳ್ಳುವವರೇ, ಮನೆಗೆ ತಂದ ಹಳೇ ಡಿಸ್ಕಿನಲ್ಲಿ ಯಾರದ್ದಾದರೂ ಬದುಕು ಕಂಡರೆ, ಅಳಿಸೋ ಮುಂಚೆ ಒಂದು ಫೋನ್ ಮಾಡೋಕೆ ಸಾಧ್ಯವಾ ನೋಡಿ. ಬೈಸಿಕೊಂಡರೂ ಪರವಾಗಿಲ್ಲ, ನಾನೂ ಬೈಸಿಕೊಂಡೆ. ಮಾರುವವರೇ, ಮೊದಲು ಬೇಕಾದ್ದನ್ನ ಎತ್ತಿಟ್ಟುಕೊಳ್ಳಿ, ಆಮೇಲೆ ಪೂರ್ತಿ ಅಳಿಸಿ, ಆಮೇಲೆ ಮಾರಿ. ಈ ಕ್ರಮ ತಪ್ಪಿಸಬೇಡಿ.

ಈಗ ಮತ್ತೆ ಅದೇ ಪ್ರಶ್ನೆ. ನಿಮ್ಮ ಮನೆಯ ಹಳೇ ಕಂಪ್ಯೂಟರ್ ಈಗ ಎಲ್ಲಿದೆ? ಕೊಡೋ ಮುಂಚೆ ನೀವು ಹರಿದಿದ್ದು ಪಹಣಿಯನ್ನಾ, ಉತ್ತಿದ್ದು ಹೊಲವನ್ನಾ?